ದಂಡದ ರಸೀದಿಗಿಂತ ಮೊದಲು ಒಂದು ಕಸದ ಡಬ್ಬಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಗಲೀಜು ವಿಷಯವನ್ನೇ ಮಾತಾಡಬೇಕಿದೆ, ಬೇಜಾರು ಮಾಡಿಕೊಳ್ಳಬೇಡಿ. ಸಾಕಿದ ನಾಯಿಯ ಕಕ್ಕ ತೆಗೆಯದವರಿಗೆ, ನಾಯಿಯನ್ನು ಬೀದಿಗೆ ಬಿಡೋರಿಗೆ, ಕಂಡಲ್ಲಿ ಕಸ ಎಸೆಯೋರಿಗೆ ದಂಡ ಹಾಕಬೇಕಾ ಅನ್ನೋದೇ ಆ ವಿಷಯ.

ಪಾರ್ಕಿನಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡುತ್ತೆ. ಹುಲ್ಲಿನಲ್ಲಿ ಉರುಳಿದ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತೆ, ಆಮೇಲೆ ಅದೇ ಕೈ ಬಾಯಿಗೆ ಹೋಗುತ್ತೆ. ಆ ಜಾಗದಲ್ಲಿ ಹೋದ ತಿಂಗಳು ಯಾರದೋ ನಾಯಿ ಕಕ್ಕ ಮಾಡಿತ್ತು ಅಂತಿಟ್ಟುಕೊಳ್ಳಿ. ಮಳೆಗೆ ಕರಗಿಹೋಗಿದೆ, ಕಣ್ಣಿಗೆ ಏನೂ ಕಾಣಲ್ಲ. ಆದರೆ ನಾಯಿಗೆ ಜಂತುಹುಳು ಇದ್ದರೆ ಅದರ ಕಕ್ಕದಲ್ಲಿ ಟಾಕ್ಸೊಕಾರ ಅನ್ನೋ ಹುಳುವಿನ ಮೊಟ್ಟೆಗಳಿರುತ್ತವೆ. ಆಗಷ್ಟೇ ಬಿದ್ದ ಮೊಟ್ಟೆಯಿಂದ ಸೋಂಕು ಬರಲ್ಲ. ಮಣ್ಣಿನಲ್ಲಿ 2ರಿಂದ 4 ವಾರ ಕಳೆದ ಮೇಲೆ ಅದು ಅಪಾಯ, ಅಲ್ಲಿಂದ ವರ್ಷಗಟ್ಟಲೆ ಅದು ಹಾಗೇ ಉಳಿಯಬಲ್ಲದು. ಹೊಟ್ಟೆಗೆ ಹೋದ ಮೊಟ್ಟೆಯಿಂದ ಹೊರಬಂದ ಮರಿಹುಳು ಅಪರೂಪಕ್ಕೆ ಕಣ್ಣಿಗೆ ಸೇರಿ ಮಗುವಿನ ದೃಷ್ಟಿಯನ್ನೇ ಕೆಡಿಸುತ್ತೆ. 'ಒಣಗಿ ಹೋಗುತ್ತೆ ಬಿಡಿ' ಅಂತೀವಲ್ಲ, ಅದು ತಪ್ಪು. ತೆಗೆಯೋದಾದರೆ ಬಿದ್ದ ತಕ್ಷಣ ತೆಗೀಬೇಕು.

ಅದಕ್ಕೇ ಸ್ಥಳೀಯ ಆಡಳಿತ ದಂಡ ಹಾಕಲಿ ಅಂತ ನಾನು ಹೇಳೋದು. ನ್ಯೂಯಾರ್ಕಿನಲ್ಲಿ 1978ರಲ್ಲೇ ನಾಯಿಯ ಕಕ್ಕವನ್ನು ಮಾಲೀಕರೇ ತೆಗೀಬೇಕು ಅನ್ನೋ ಕಾನೂನು ಜಾರಿಗೆ ಬಂತು. ಶುರುವಿನಲ್ಲಿ ವಿರೋಧ ಇತ್ತು, ಈಗ ಅಲ್ಲಿ ಅದು ಮಾಮೂಲು. ಇಂಗ್ಲೆಂಡಿನಲ್ಲಿ 2016ರಿಂದ 8 ವಾರ ದಾಟಿದ ನಾಯಿಗೆ ಮೈಕ್ರೋಚಿಪ್, ಅಂದರೆ ಮಾಲೀಕರು ಯಾರು ಅಂತ ಪತ್ತೆ ಮಾಡೋಕೆ ನಾಯಿಯ ಚರ್ಮದಡಿ ಇಡೋ ಪುಟ್ಟ ಚಿಪ್, ಕಡ್ಡಾಯ. ತಪ್ಪಿಸಿಕೊಂಡ ನಾಯಿ ಯಾರದು ಅಂತ ಗೊತ್ತಾಗುತ್ತೆ, ಬೇಕಂತಲೇ ಬೀದಿಗೆ ಬಿಟ್ಟವರನ್ನು ಹುಡುಕೋದೂ ಸುಲಭ.

ಆದರೆ ದಂಡ ಹಾಕೋಕೆ ಕಣ್ಣಾರೆ ಕಂಡವರು ಬೇಕಲ್ವಾ? ನಾಯಿ ಹೊರಗೆ ಹೋಗೋದು ನಸುಕಿನಲ್ಲಿ, ಇಲ್ಲ ಕತ್ತಲಾದ ಮೇಲೆ. ಅಧಿಕಾರಿಗಳು ಬರೋದು ಆಫೀಸು ತೆರೆದ ಮೇಲೆ. ಹಾಗಾಗಿ ಹಗಲು ಹೊತ್ತಿನಲ್ಲಿ ಸಿಗರೇಟಿನ ತುಂಡು ಬಿಸಾಕಿದವನು ಸಿಕ್ಕಿಬೀಳುತ್ತಾನೆ, ರಾತ್ರಿ ಮೂಟೆಗಟ್ಟಲೆ ಕಸ ಸುರಿದವನು ಆರಾಮಾಗಿ ಇರುತ್ತಾನೆ. ಸಿಗರೇಟು ತುಂಡು ಬಿಸಾಕಿದ್ದೂ ತಪ್ಪೇ, ಅದರ ಫಿಲ್ಟರ್ ಪ್ಲಾಸ್ಟಿಕ್ಕಿನದು. ಆದರೆ ಸುಲಭಕ್ಕೆ ಸಿಕ್ಕವರನ್ನಷ್ಟೇ ಹಿಡಿದರೆ ಇದು ದುಡ್ಡು ಮಾಡೋ ದಾರಿ ಅಂತ ಜನ ತಿಳಿಯುತ್ತಾರೆ.

ಇನ್ನೊಂದು ನೋಡಿ. ಮರದ ಕೊಂಬೆಗೆ ನೇತುಹಾಕಿದ ಸಣ್ಣ ಪ್ಲಾಸ್ಟಿಕ್ ಚೀಲ, ಬಾಯಿ ಗಂಟು ಕಟ್ಟಿದ್ದು, ಒಳಗೆ ನಾಯಿ ಕಕ್ಕ. ಅವರು ಬಗ್ಗಿ ತೆಗೆದಿದ್ದಾರೆ, ಗಂಟೂ ಕಟ್ಟಿದ್ದಾರೆ, ಹಾಕೋಕೆ ಡಬ್ಬಿ ಮಾತ್ರ ಇಲ್ಲ. ಮನೆವರೆಗೂ ಹಿಡಿದುಕೊಂಡು ಹೋಗಬೇಕಿತ್ತು, ನಿಜ. ಆದರೂ ದಂಡದ ಬೋರ್ಡು ನೆಟ್ಟ ಕಡೆಯೆಲ್ಲ ಒಂದು ಡಬ್ಬಿಯನ್ನೂ ಇಡಿ, ತುಂಬಿ ಚೆಲ್ಲೋ ಮೊದಲು ಖಾಲಿ ಮಾಡಿ.

ಬೀದಿನಾಯಿಗೆ ಯಾರೂ ದಂಡ ಹಾಕೋಕಾಗಲ್ಲ. ಅದು ಇರೋದು ಅನ್ನ ಸಿಗೋ ಕಡೆ, ಅಂದರೆ ನಾವು ಎಸೆದ ಎಂಜಲು ಇರೋ ಕಡೆ. ಸುಮ್ನೆ ಹಿಡಿದು ಬೇರೆ ಕಡೆ ಬಿಟ್ಟರೆ ಖಾಲಿಯಾದ ಜಾಗಕ್ಕೆ ಬೇರೆ ನಾಯಿ ಬರುತ್ತೆ. ಎಂಜಲು ಸುರಿಯೋದು ನಿಲ್ಲಬೇಕು, ಸಂತಾನಹರಣ ಚಿಕಿತ್ಸೆ ಆಗಬೇಕು, ಲಸಿಕೆ ಬೀಳಬೇಕು. ಮನುಷ್ಯರಿಗೆ ಬರೋ ರೇಬೀಸಿನಲ್ಲಿ ನೂರಕ್ಕೆ ಸುಮಾರು 99 ಪಾಲು ನಾಯಿಯಿಂದಲೇ. ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ಅದು ಹರಡೋದನ್ನು ತಡೀಬಹುದು. ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯೋ ನೀರಿನಲ್ಲಿ 15 ನಿಮಿಷ ತೊಳೀರಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ದೂರು ಕೊಡೋವಾಗ 'ಇಲ್ಲಿ ತುಂಬಾ ಗಲೀಜು' ಅಂತಷ್ಟೇ ಬರೀಬೇಡಿ. ಯಾವ ಗೇಟು, ಯಾವ ದಿನ, ಎಷ್ಟು ಗಂಟೆ ಅಂತ ಬರೆದು ಕೊಡಿ. ಆಗ ಅಧಿಕಾರಿ ಆ ಹೊತ್ತಿಗೆ ಬಂದು ಅಲ್ಲೇ ನಿಲ್ಲಬಹುದು. ನಮಸ್ಕಾರ.