ಕಲಿಕೆ ತುರ್ತು ವಿಭಾಗದಲ್ಲೇ ನಡೆಯಲಿ

ಮೇಲ್ವಿಚಾರಕ ಶುಶ್ರೂಷಾಧಿಕಾರಿಗಳೇ, ವೈದ್ಯ ಮಿತ್ರರೇ,

ತುರ್ತು ವಿಭಾಗಕ್ಕೆ ಹೊಸದಾಗಿ ಸೇರಿದ ನರ್ಸ್‌ಗಳನ್ನು ಎರಡು ದಿನಗಳ ಕಾರ್ಯಾಗಾರಕ್ಕೆ ಕಳುಹಿಸುತ್ತೇವೆ. ಪ್ರಮಾಣಪತ್ರ ಕಡತಕ್ಕೆ ಸೇರಿದರೆ ತರಬೇತಿ ಮುಗಿದಂತೆ. ಈ ಪದ್ಧತಿಯನ್ನು ಬದಲಿಸಿ ಎಂದು ಕೇಳಲು ಬಂದಿದ್ದೇನೆ. ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಅನ್ನೇ ನೋಡಿ. ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಅಂಕಿಗಳು ನೆನಪಿನಲ್ಲಿ ಉಳಿಯುತ್ತವೆ. ಕೈಯ ಹದ ಕೆಲವೇ ತಿಂಗಳಲ್ಲಿ ತಪ್ಪುತ್ತದೆ. ವರ್ಷಕ್ಕೊಂದು ಕಾರ್ಯಾಗಾರಕ್ಕಿಂತ ವಾರಕ್ಕೆ ಹತ್ತು ನಿಮಿಷದ ಅಭ್ಯಾಸ ಲೇಸು, ಅದೂ ನಾವು ದಿನವೂ ಬಳಸುವ ಟ್ರಾಲಿಯ ಮುಂದೆಯೇ.

ಹಾವು ಕಡಿತದಿಂದ ಆರಂಭಿಸೋಣ. 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಅಧಿಸೂಚಿತ ಕಾಯಿಲೆಯೆಂದು, ಅಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ತಾಲ್ಲೂಕು ಆಸ್ಪತ್ರೆಗೆ ಬಂದ ರೋಗಿಯ ರಕ್ತವನ್ನು ವಿಷ ಕೆಡಿಸಿದೆಯೇ ಎಂದು ತಿಳಿಯಲು ಮಾಡುವ 20 ನಿಮಿಷಗಳ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಪುಸ್ತಕದಲ್ಲಿ ಒಂದೇ ಸಾಲು. ಮಾಡಲು ಹೊರಟರೆ ಹೆಜ್ಜೆಗೊಂದು ಎಚ್ಚರ ಬೇಕು. ನಳಿಕೆ ಗಾಜಿನದೇ ಆಗಿರಬೇಕು, ಹೊಸದಾಗಿರಬೇಕು, ಒಣಗಿರಬೇಕು. ಗಾಜಿನ ಸ್ಪರ್ಶದಿಂದಲೇ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಸಿಗುವುದರಿಂದ ಪ್ಲಾಸ್ಟಿಕ್ ನಳಿಕೆ ನಡೆಯದು. ಸೋಪಿನ ಪುಡಿಯಲ್ಲಿ ತೊಳೆದ ನಳಿಕೆಯೂ ನಡೆಯದು. ಅಂಥದ್ದನ್ನು ಬಳಸಿದರೆ ವಿಷವೇರದವರ ರಕ್ತವೂ ನೀರಾಗಿಯೇ ಉಳಿದು, ಬೇಡದ ಪ್ರತಿವಿಷ ಕೊಡಬೇಕಾದೀತು. 2 ಮಿಲಿಲೀಟರ್ ರಕ್ತ ಹಾಕಿದ ಮೇಲೆ ಅಲುಗಾಡಿಸದೆ ಬಿಟ್ಟು, ಸಮಯವಾದಾಗ ಒಮ್ಮೆ ಮಾತ್ರ ವಾಲಿಸಿ ನೋಡಬೇಕು.

ರಕ್ತ ಹೆಪ್ಪುಗಟ್ಟಿತೆಂದು ನಿರಾಳವಾಗುವಂತಿಲ್ಲ. ಕಡಿದದ್ದು ನಾಗರಹಾವೋ ಕಟ್ಟುಹಾವೋ ಆಗಿದ್ದರೆ ವಿಷ ನರಗಳ ಮೇಲೆ ಎರಗುತ್ತದೆ. ರೆಪ್ಪೆ ಜೋಲುವುದನ್ನು, ಮಾತು ತೊದಲುವುದನ್ನು, ಉಸಿರು ಸೋಲುವುದನ್ನು ಗುರುತಿಸುವ ಕಣ್ಣು ಬೇಕು. ಪ್ರತಿವಿಷಕ್ಕೇ ತೀವ್ರ ಅಲರ್ಜಿಯಾದರೆ ಕೊಡಲು, ಅದರ ಡ್ರಿಪ್ ಹಚ್ಚುವ ಮೊದಲೇ ಅಡ್ರಿನಾಲಿನ್ ಸಿರಿಂಜ್‌ನಲ್ಲಿ ಸಿದ್ಧವಿರಬೇಕು. ಒಬ್ಬ ಸಹೋದ್ಯೋಗಿ ರೋಗಿಯಾಗಿ ಮಲಗಲಿ, ಇನ್ನೊಬ್ಬರು ಗಡಿಯಾರ ಹಿಡಿಯಲಿ, ಹೊಸಬರು ಇದನ್ನೆಲ್ಲ ಮಾಡಿ ತೋರಿಸಲಿ. ಮುಗಿದ ಕೂಡಲೇ, ಎಲ್ಲರೆದುರು ಗದರಿಸದೆ, ಎಲ್ಲಿ ತಡವಾಯಿತೆಂದು ಮಾತನಾಡಿ.

ಈ ಅಭ್ಯಾಸಕ್ಕೆ ವೈದ್ಯರೂ ಬರಬೇಕು. ಗದ್ದಲದಲ್ಲಿ ಕೂಗಿದ ಆದೇಶ ಅರ್ಧ ಕೇಳಿಸಿದಾಗ ಹೊಸ ನರ್ಸ್ ಅಂಜಿಕೊಂಡು ಊಹಿಸಿ ಔಷಧ ಏರಿಸುವುದಕ್ಕಿಂತ ಅಪಾಯಕರವಾದದ್ದು ನನಗೆ ತೋಚುತ್ತಿಲ್ಲ. “ಅಡ್ರಿನಾಲಿನ್ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ, ಸರಿಯೇ ಸರ್?” ಎಂದು ಮರಳಿ ಹೇಳಿ, ಕೊಟ್ಟ ಮೇಲೆ “ಕೊಟ್ಟಾಯಿತು” ಎಂದು ತಿಳಿಸುವುದು ಸೂಜಿ ಹಾಕುವಷ್ಟೇ ಮುಖ್ಯವಾದ ಕೌಶಲ. ಹಾಗೆ ಕೇಳಿದವರ ಮೇಲೆ ಸಿಡುಕುವ ವೈದ್ಯರು ಆ ಕೌಶಲವನ್ನು ಒಂದೇ ದಿನದಲ್ಲಿ ಅಳಿಸಿಬಿಡುತ್ತಾರೆ.

ಆಡಳಿತದವರಲ್ಲಿ ಒಂದು ಬೇಡಿಕೆ. ಮೊದಲ ಕೆಲವು ವಾರ ಹೊಸಬರನ್ನು ಪಾಳಿಯ ಸಿಬ್ಬಂದಿ ಲೆಕ್ಕಕ್ಕೆ ಸೇರಿಸಬೇಡಿ. ಅವರಿಗೆ ಕಲಿಸುವ ಹಿರಿಯ ನರ್ಸ್‌ಗೆ ಅದೇ ಪಾಳಿಯಲ್ಲಿ ರೋಗಿಗಳ ಹೊರೆ ತಗ್ಗಿಸಿ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬರೆಯುವಾಗಲೇ ಆ ಹತ್ತು ನಿಮಿಷಗಳನ್ನೂ ಬರೆದಿಡಿ.