ಸಲೀಸಾಗಿ ಬಂದದ್ದು ಲೆಕ್ಕಕ್ಕೆ ಸಿಗುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಜನ ಐಟಿಐ ಎಂದು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ನಾನು ಬಹಳ ವರ್ಷ, ಲೋಹದ ಭಾಗಗಳನ್ನು ಉಜ್ಜಿ ಹೊಂದಿಸುವ ಫಿಟ್ಟರ್ ವಿಭಾಗದ ಹುಡುಗರಿಗೆ ಕೆಲಸ ಕಲಿಸಿದವನು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂತೆಂದೋ, ಬೇಗ ಸಂಬಳ ಕೈಗೆ ಬರಲೆಂದೋ ಸೇರಿದವರು. ಮೊದಲ ದಿನ ‘ನಿನಗೆ ಏನು ಚೆನ್ನಾಗಿ ಬರುತ್ತದೆ?’ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ತಲೆ ತಗ್ಗಿಸಿ ‘ಏನೂ ಇಲ್ಲ ಸಾರ್’ ಎನ್ನುತ್ತಿದ್ದರು. ಹುಡುಗರ ವಿನಯವೆಂದು ನಾನು ತಿಳಿದಿದ್ದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ತಡವಾಗಿ, ಅದೂ ಒಬ್ಬ ಹುಡುಗನಿಂದ.

ಫಿಟ್ಟರ್ ತರಬೇತಿ ಎರಡು ವರ್ಷದ್ದು. ಶುರುವಿನಲ್ಲಿ ಹುಡುಗರ ಕೈಗೆ ಬರುವುದು ಒಂದು ಫೈಲು, ಅಂದರೆ ಅರ, ಮತ್ತು ಒಂದು ಉಕ್ಕಿನ ತುಂಡು. ತುಂಡನ್ನು ಬಿಗಿಯಾಗಿ ಹಿಡಿಯುವ ವೈಸಿಗೆ ಕಚ್ಚಿಸಿ, ಒಂದು ಮೈಯನ್ನು ಮಟ್ಟಸವಾಗಿ ಉಜ್ಜಿ, ಅದರ ಪಕ್ಕದ ಮೈ 90 ಡಿಗ್ರಿಗೆ ಸರಿಯಾಗಿ ನಿಲ್ಲುವಂತೆ ಮಾಡಬೇಕು. ಆಗಿದೆಯೋ ಇಲ್ಲವೋ ಎಂದು ನೋಡಲು ಟ್ರೈ ಸ್ಕ್ವೇರನ್ನು, ಅಂದರೆ ಮೂಲೆಮಟ್ಟವನ್ನು, ತುಂಡಿಗೆ ಆನಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಎರಡರ ನಡುವೆ ಬೆಳಕಿನ ಎಳೆ ಕಂಡರೆ ಅಲ್ಲಿ ತಗ್ಗಿದೆ ಎಂದು ಅರ್ಥ. ಈ ಹುಡುಗನ ತುಂಡಿನಲ್ಲಿ ಬೆಳಕು ಹಾಯದ ದಿನವೇ ಇರಲಿಲ್ಲ. ಅರ ಹಿಡಿದರೆ ಅವನ ಕೈ ತೊಟ್ಟಿಲಿನಂತೆ ತೂಗುತ್ತಿತ್ತು. ಮೈ ನಡುವೆ ಉಬ್ಬಿ, ಅಂಚುಗಳು ಸವೆದುಹೋಗುತ್ತಿದ್ದವು. ಇವನಿಗೆ ಈ ವಿದ್ಯೆ ಹತ್ತುವುದಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಹೊಸ ಕೆಲಸದ ಡ್ರಾಯಿಂಗನ್ನು ಗೋಡೆಗೆ ಅಂಟಿಸಿದ ದಿನ ಮಾತ್ರ ಲೆಕ್ಕ ತಿರುವುಮುರುವಾಗುತ್ತಿತ್ತು. ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಕಂಡಂತೆ ಬರೆದ ಮೂರು ಚಪ್ಪಟೆ ಚಿತ್ರಗಳನ್ನು ನೋಡಿ ಇಡೀ ವಸ್ತುವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಒಗ್ಗುವುದಿಲ್ಲ. ಆ ದಿನ ಇವನ ಸುತ್ತ ಐದಾರು ಜನ ಸೇರಿರುತ್ತಿದ್ದರು. ಇವನು ಸೀಮೆಸುಣ್ಣದಿಂದ ಬೆಂಚಿನ ಮೇಲೆ ಗೀಚುತ್ತಾ, ಮೊದಲು ಯಾವ ಮೈ ಉಜ್ಜಬೇಕು, ತೂತು ಕೊರೆಯುವುದನ್ನು ಏಕೆ ಆಮೇಲಕ್ಕೆ ಇಟ್ಟುಕೊಳ್ಳಬೇಕು ಎಂದು ಬಿಡಿಸಿ ಹೇಳುತ್ತಿದ್ದ. ಒಮ್ಮೆ ಕರೆದು, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ‘ಕಲಿಯೋದೇನು ಸಾರ್, ನೋಡಿದ್ರೆ ಕಾಣುತ್ತಲ್ವಾ?’ ಎಂದ.

ಕಷ್ಟಪಟ್ಟು ಬಂದದ್ದನ್ನು ನಾವು ವಿದ್ಯೆ ಎಂದು ಎಣಿಸುತ್ತೇವೆ. ಸಲೀಸಾಗಿ ಬಂದದ್ದು ಎಲ್ಲರಿಗೂ ಹಾಗೆಯೇ ಬರುತ್ತದೆಂದು ಭಾವಿಸಿ ಲೆಕ್ಕದಿಂದ ಬಿಟ್ಟುಬಿಡುತ್ತೇವೆ. ಐನೂರು ಜನರ ಮದುವೆ ಊಟಕ್ಕೆ ನಿಂತ ನಿಲುವಿನಲ್ಲೇ ಸಾಮಾನಿನ ಚೀಟಿ ಬರೆಸುವ ಸೋದರತ್ತೆಯನ್ನೋ, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಜಗುಲಿಯ ಮೇಲೆ ಕೂರಿಸಿ ಕಾಫಿ ಕುಡಿಸಬಲ್ಲ ಪಕ್ಕದ ಮನೆಯವರನ್ನೋ ಕೇಳಿ ನೋಡಿ. ತಮಗೇನೂ ಬಾರದು ಎಂದೇ ಅವರೂ ಹೇಳಿಯಾರು. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಅದರಲ್ಲಿ ಇಂಥ ಸಾಮರ್ಥ್ಯಕ್ಕೆ ಒಂದು ಅಂಕದ ಜಾಗವೂ ಇಲ್ಲ. ಪರೀಕ್ಷೆಯ ಮೇಲೆ ನನಗೆ ದೂರಿಲ್ಲ, ಅದು ತನ್ನ ಅಳತೆಗೆ ಬಂದದ್ದನ್ನು ಅಳೆಯುತ್ತದೆ. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದು ನಂಬಿದವರು ನಾವು.

ಆದುದರಿಂದ ನಮ್ಮ ಬಲ ನಮಗೆ ಗೊತ್ತಾಗಲು ಬಹಳ ಸಲ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಶಾಲೆಯಲ್ಲಿ ಬರೆದ ಒಂದು ಅರಳಿ ಎಲೆಯ ಚಿತ್ರವನ್ನು ಮೇಷ್ಟರೊಬ್ಬರು ಮೆಚ್ಚಿಕೊಂಡರು. ತಾನು ಚಿತ್ರಕಾರನಾಗಬಲ್ಲೆ ಎಂಬ ಎಣಿಕೆ ಆ ಹುಡುಗನಲ್ಲಿ ಮೊಳೆತದ್ದು ಆ ಮೆಚ್ಚುಗೆಯಿಂದ. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆ, ಪ್ರವೇಶಕ್ಕೆ ಬೇಕಾದಂಥ ಪ್ರತಿಭೆ ಚಿತ್ರಗಳಲ್ಲಿ ಕಾಣುವುದಿಲ್ಲವೆಂದು ಅವರ ಅರ್ಜಿಯನ್ನು ತಳ್ಳಿಹಾಕಿತು. ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಓದುತ್ತಲೇ ಚಿತ್ರ ಬರೆದರು. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಕಾಲಿಟ್ಟ, ಚೌಕಳಿ ಕೋಟಿನ ಅವರ ಶ್ರೀಸಾಮಾನ್ಯ ದಶಕಗಳ ಕಾಲ ಅಲ್ಲಿಂದ ಕದಲಲಿಲ್ಲ. ದೊಡ್ಡ ಕಲಾಶಾಲೆಗೆ ಕಾಣದೆ ಹೋದದ್ದು ಊರಿನ ಮೇಷ್ಟರಿಗೆ ಒಂದು ಎಲೆಯಲ್ಲಿ ಕಂಡಿತ್ತು.

ಅಂಥ ಮೇಷ್ಟರು ಸಿಗದವರು ಒಂದು ಚಿಕ್ಕ ಕೆಲಸ ಮಾಡಬಹುದು. ಮನೆಯವರು, ಓರಗೆಯವರು, ಜೊತೆ ಕೆಲಸದವರು ಯಾವುದಕ್ಕಾಗಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಒಂದು ತಿಂಗಳು ಗುರುತು ಹಾಕಿಕೊಂಡರೆ, ಯಾರೂ ಹೇಳದ ಸಂಗತಿಯೊಂದು ಆ ಚೀಟಿಯಲ್ಲಿ ಮೂಡಿರುತ್ತದೆ. ಕುಳಿತು ಯೋಚಿಸಿ ಬಲ ಪತ್ತೆಹಚ್ಚಿದವರನ್ನು ನಾನು ಕಂಡಿಲ್ಲ. ಕೋಟದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜು ಬಿಟ್ಟು, ಪತ್ರಿಕೆ ನಡೆಸಿ, ನಾಟಕ ಆಡಿಸಿ, ಮೂಕಿ ಚಿತ್ರ ತೆಗೆದು, ಪುತ್ತೂರಿನಲ್ಲಿ ಬಾಲವನ ಕಟ್ಟಿ, ಯಕ್ಷಗಾನಕ್ಕೂ ಕೈ ಹಾಕಿದರು. ಮೂಕಿ ಚಿತ್ರಗಳ ಹಾದಿ ಮುಂದುವರಿಯಲಿಲ್ಲ, ಕಾದಂಬರಿಯ ಹಾದಿ ಜ್ಞಾನಪೀಠದವರೆಗೂ ನಡೆಯಿತು.

ಆದರೆ ಕಾರಂತರ ಹೆಸರನ್ನು ನನ್ನ ಹುಡುಗರ ಮುಂದೆ ಎತ್ತುವಾಗ ನಾನು ತಡವರಿಸುತ್ತಿದ್ದೆ. ಸಂಘದ ಸಾಲ, ತಂಗಿಯ ಮದುವೆ, ಅಪ್ಪನ ಔಷಧಿ ಎಲ್ಲವೂ ಒಂದೇ ಸಂಬಳದ ಮೇಲೆ ನಿಂತ ಮನೆಯ ಹುಡುಗನಿಗೆ ‘ಮನಸ್ಸಿಗೆ ಒಪ್ಪಿದ ಕೆಲಸ ಹುಡುಕಿಕೋ’ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಸಿಕ್ಕಿದ ಕೆಲಸವನ್ನು ಅವನು ಹಿಡಿಯಲೇಬೇಕು. ಹಿಡಿದ ಮೇಲೆ, ಅದೇ ಸೂರಿನಡಿ ತನ್ನ ಕೈಗೆ ಒಗ್ಗುವ ಮೂಲೆ ಯಾವುದೆಂದು ನೋಡುತ್ತಿರುವುದು ಸಾಧ್ಯ. ಒಂದೇ ಕಾರ್ಖಾನೆಯಲ್ಲಿ ಉಜ್ಜುವವರೂ, ಅಳೆಯುವವರೂ, ಕೆಲಸ ಹಂಚುವವರೂ, ಕೆಟ್ಟ ಯಂತ್ರದ ಸದ್ದು ಕೇಳಿಯೇ ಕಾಯಿಲೆ ಹೇಳುವವರೂ ಬೇಕು.

ಆ ಹುಡುಗ ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿಗೆ ಹೆಲ್ಪರ್ ಆಗಿ ಸೇರಿದ. ಮೊದಲ ವರ್ಷವೆಲ್ಲ ಬೈಗುಳವೇ. ಒಂದು ದಿನ ಯಾರಿಗೂ ಬಿಡಿಸಲಾಗದ ಡ್ರಾಯಿಂಗೊಂದು ಬಂದಾಗ ಇವನು ಹಿಂದಿನಿಂದ ಬಾಯಿ ಹಾಕಿದ. ಅಲ್ಲಿಂದ ಮುಂದೆ ಅವನ ಜಾಗ ವೈಸಿನ ಮುಂದಿನಿಂದ, ಯಾವ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕೆಂದು ಬರೆದುಕೊಡುವ ಮೇಜಿನ ಹತ್ತಿರಕ್ಕೆ ಸರಿಯಿತು. ಕೆಲವು ವರ್ಷಗಳ ಮೇಲೆ ಯುಗಾದಿಗೆ ಊರಿಗೆ ಬಂದವನು ನನ್ನನ್ನು ನೋಡಲು ಬಂದ. ಕೆಲಸ ಹೇಗಿದೆಯಪ್ಪಾ ಎಂದೆ. ತಿಂಗಳ ಕೊನೆಯ ಗಡಿಬಿಡಿ, ಹೊತ್ತಿಗೆ ಸಿಗದ ಊಟ, ಎಲ್ಲ ದೂರಿದ ಮೇಲೆ ಸ್ವಲ್ಪ ನಕ್ಕು ಹೇಳಿದ: ‘ಹೊಸ ಹುಡುಗ್ರು ಡ್ರಾಯಿಂಗ್ ಹಿಡ್ಕೊಂಡು ನನ್ನ ಹತ್ರಾನೇ ಬರ್ತಾರೆ ಸಾರ್. ಇಷ್ಟೂ ಕಾಣಲ್ವಾ ಇವರಿಗೆ ಅಂತ ಮೊದಮೊದಲು ಸಿಟ್ಟು ಬರ್ತಿತ್ತು.’

ನಮಸ್ಕಾರ.