ತೀರ್ಮಾನಕ್ಕೆ ಬಂದಾಗ ಮುಗ್ಗರಿಸುವ ಇಂಗ್ಲಿಷ್

ಕೇಳುಗರಿಗೆ ನಮಸ್ಕಾರ. ಮೈಸೂರು, ಮಂಡ್ಯದ ಕಾಲೇಜು ಮಕ್ಕಳು ಪ್ರಾಜೆಕ್ಟ್ ವರದಿ ಬರೆಯುವಾಗ ಲೆಕ್ಕ, ಪಟ್ಟಿ ಎಲ್ಲ ಸರಿಯಾಗಿಯೇ ಇರುತ್ತದೆ. ಕೊನೆಯ ಪುಟದ ಕನ್‌ಕ್ಲೂಷನ್‌ಗೆ ಬರುತ್ತಲೇ ಇಂಗ್ಲಿಷ್ ಮುಗ್ಗರಿಸುತ್ತದೆ. ಎಡವುವ ಕಲ್ಲು ಇರುವುದು ನಮ್ಮ ಕನ್ನಡದಲ್ಲೇ.

'ನಾಳೆ ನಂಜನಗೂಡಿಗೆ ಹೋಗುವ ತೀರ್ಮಾನ ಮಾಡಿದೆವು' ಅನ್ನುತ್ತೇವೆ. 'ಮಣ್ಣಿನಲ್ಲಿ ಸಾರಜನಕ ಕಡಿಮೆ ಎಂಬ ತೀರ್ಮಾನಕ್ಕೆ ಬಂದೆವು' ಎಂದೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ಡಿಸಿಷನ್, ಎರಡನೆಯದು ಕನ್‌ಕ್ಲೂಷನ್. ಏನು ಮಾಡಬೇಕೆಂಬುದು ಡಿಸಿಷನ್. ಪರಿಶೀಲಿಸಿದ ಮೇಲೆ ಏನು ಗೊತ್ತಾಯಿತು ಎಂಬುದು ಕನ್‌ಕ್ಲೂಷನ್. ಡಿಸಿಷನ್ ಜೊತೆ ಮೇಕ್, ಟೇಕ್ ಎರಡೂ ನಡೆಯುತ್ತವೆ. 'ವಿ ಟುಕ್ ಎ ಕನ್‌ಕ್ಲೂಷನ್' ಮಾತ್ರ ತಪ್ಪು. ಅದರ ಜೊತೆ ಬರಬೇಕಾದದ್ದು ಡ್ರಾ, ರೀಚ್, ಕಮ್ ಟು, ಅರೈವ್ ಆಟ್.

ಇಲ್ಲಿ 'ಕ್ಕೆ' ಪ್ರತ್ಯಯದ ಕಾಟ ನೋಡಿ. 'ತೀರ್ಮಾನಕ್ಕೆ ಬಂದೆವು' ಎಂಬುದಕ್ಕೆ 'ಕೇಮ್ ಟು' ಸರಿಯಾಗಿ ಕೂರುತ್ತದೆ. ಅದೇ ರೂಢಿಯಲ್ಲಿ 'ರೀಚ್ಡ್ ಟು ದ ಕನ್‌ಕ್ಲೂಷನ್' ಎಂದು ಬರೆದರೆ ಕೆಟ್ಟಿತು. ರೀಚ್ ಒಳಗೇ ಆ 'ಕ್ಕೆ' ಅಡಗಿದೆ. 'ರೀಚ್ಡ್ ಮೈಸೂರು' ಅನ್ನುವ ಹಾಗೆಯೇ 'ರೀಚ್ಡ್ ದ ಕನ್‌ಕ್ಲೂಷನ್'. ಡ್ರಾ ಬಳಸಿದರೆ, ಯಾವುದರಿಂದ ಎಂಬುದನ್ನು 'ಫ್ರಮ್' ಹಾಕಿ ಹೇಳಬೇಕು.

ಈಗ ಒಂದು ವಾಕ್ಯ ಬಿಡಿಸೋಣ. ಮಂಡ್ಯದ 12 ಕಬ್ಬಿನ ತಾಕುಗಳಲ್ಲಿ ನೀರು ಅಳೆದ ವಿದ್ಯಾರ್ಥಿ ಬರೆದ ಅಂತಿಟ್ಟುಕೊಳ್ಳಿ: 'ದ ಡೇಟಾ ಕನ್‌ಕ್ಲೂಡ್ಸ್ ದಟ್ ಡ್ರಿಪ್ ಇರಿಗೇಷನ್ ಸೇವ್ಸ್ ವಾಟರ್ ಇನ್ ಮಂಡ್ಯ.' ಅಂಕಿಅಂಶ ತೀರ್ಮಾನಿಸುವುದಿಲ್ಲ, ತೋರಿಸುತ್ತದೆ. ಅದಕ್ಕೆ ಶೋಸ್ ಅಥವಾ ಸಜೆಸ್ಟ್ಸ್ ಬೇಕು. ತೀರ್ಮಾನಿಸುವವರು ನಾವು. ಇನ್ನು 12 ತಾಕು ಎಂದರೆ ಇಡೀ ಮಂಡ್ಯವಲ್ಲ. ಇದು ಬರೀ ವ್ಯಾಕರಣದ ತಪ್ಪಲ್ಲ, ಸುಳ್ಳಿಗೆ ಹತ್ತಿರದ ತಪ್ಪು. ಸರಿಯಾದ ವಾಕ್ಯ: 'ಫ್ರಮ್ ದೀಸ್ ರೀಡಿಂಗ್ಸ್ ವಿ ಕನ್‌ಕ್ಲೂಡ್ ದಟ್ ಡ್ರಿಪ್ ಇರಿಗೇಷನ್ ಯೂಸ್ಡ್ ಲೆಸ್ ವಾಟರ್ ಇನ್ ದೀಸ್ ಟ್ವೆಲ್ವ್ ಪ್ಲಾಟ್ಸ್.' ಸೇವ್ಸ್ ಹೋಗಿ ಯೂಸ್ಡ್ ಬಂತು, ಗಮನಿಸಿ. ಅಳೆದದ್ದು ಆಗಿಹೋದ ಸಂಗತಿ, ಆದ್ದರಿಂದ ಭೂತಕಾಲ. 'ಪ್ರೂವ್ಸ್' ಎಂಬ ಪದವನ್ನಂತೂ ಇಂಥ ಸಣ್ಣ ಪ್ರಯೋಗಕ್ಕೆ ದಯವಿಟ್ಟು ಬಳಸಬೇಡಿ.

ಕೊನೆಯ ಪ್ಯಾರಾ 'ಅಟ್ ಲಾಸ್ಟ್' ಎಂದು ಶುರುವಾಗುವುದೂ ಉಂಟು. ಅದರ ಅರ್ಥ 'ಅಂತೂ ಇಂತೂ'. ಕಾದು ಕಾದು ಮಳೆ ಬಂದಾಗ ಅನ್ನುವ ಮಾತದು. ಭಾಷಣಕ್ಕಾದರೆ 'ಇನ್ ಕನ್‌ಕ್ಲೂಷನ್' ಚೆನ್ನ. ವರದಿಯಲ್ಲಿ ಮೇಲೆಯೇ ಕನ್‌ಕ್ಲೂಷನ್ ಎಂಬ ತಲೆಬರಹ ಇರುವುದರಿಂದ ಅದೂ ಬೇಡ. ನೇರವಾಗಿ ವಿಷಯಕ್ಕೆ ಬನ್ನಿ.

ನಮಸ್ಕಾರ.